ಮೊಸಾಯಿಕ್ ನೆಲ, ಮೊಳಕೈ ಬಿಸ್ಕತ್ತು

ಹುಟ್ಟಿದ್ದು ಕರ್ನಾಟಕದ ಮ್ಯಾಂಚೆಸ್ಟರಿನಲ್ಲಿ, ಸಂಸಾರ ಹೂಡಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ದಾವಣಗೆರೆಯವರಿಗೆ ಈ ಜೋಕು ಬಿಡಿಸಿ ಹೇಳಬೇಕಿಲ್ಲ. ಹತ್ತಿ ಗಿರಣಿಯ ಕಾಲ ಅಲ್ಲೂ ಮುಗಿಯಿತು, ಇಲ್ಲೂ ಮುಗಿಯಿತು. ಮಳೆ ಮಾತ್ರ ಇಲ್ಲಿ ಮುಗಿಯುವುದೇ ಇಲ್ಲ.

ಈ ಬೇಸಿಗೆಯಲ್ಲಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಐದು ವಾರ ನಿಟುವಳ್ಳಿಯ ತವರುಮನೆಯಲ್ಲಿದ್ದೆ. 'ಕೂಸಿಗೆ ಇನ್ನೂ ಮಾತು ಬಂದಿಲ್ವೇನವ್ವಾ?' ಅಂತ ಬಂದವರೆಲ್ಲ ಕೇಳಿದರು. 'ಸ್ವಲ್ಪ ಲೇಟು' ಅಂದು ಚಹಾ ಕೊಟ್ಟು ಕಳಿಸಿದೆ. ಅದು ಪೂರ್ತಿ ಉತ್ತರ ಆಗಿರಲಿಲ್ಲ.

ಮಗಳಿಗೆ ಮೊಸಾಯಿಕ್ ಡೌನ್ ಸಿಂಡ್ರೋಮ್ ಇದೆ. ಡೌನ್ ಸಿಂಡ್ರೋಮ್ ಅಂದರೆ ಹುಟ್ಟಿನಿಂದಲೇ ಇರುವ, ಬೆಳವಣಿಗೆ, ಕಲಿಕೆ ನಿಧಾನ ಮಾಡುವ ಸ್ಥಿತಿ. ಡೌನ್ ಸಿಂಡ್ರೋಮ್ ಇರುವ ನೂರು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುವ ಬಗೆ ಇದು. ಒಂಬತ್ತು ತಿಂಗಳಾದರೂ ಅವಳು ಕೂರುತ್ತಿರಲಿಲ್ಲ. ಎತ್ತಿಕೊಂಡರೆ ಹಸಿ ಹಿಟ್ಟಿನ ಹಾಗೆ ಕೈಯಿಂದ ಜಾರುವಳು. ಇಲ್ಲಿ ಇಂಗ್ಲೆಂಡಿನಲ್ಲಿ ಮನೆಗೇ ಬಂದು ಮಗು ನೋಡಿ ಹೋಗುವ ನರ್ಸ್ ಇರುತ್ತಾರೆ. ಅವರಿಗೆ ಅನುಮಾನ ಬಂತು, ರಕ್ತ ಪರೀಕ್ಷೆ ಆಯಿತು. ರಕ್ತದ 30 ಕಣ, ಅಂದರೆ ಜೀವಕೋಶ, ತೆಗೆದು ಒಳಗಿನ ಕ್ರೋಮೋಸೋಮ್ ಅನ್ನುವ ವಂಶವಾಹಿ ಎಳೆಗಳನ್ನು ಎಣಿಸಿದ್ದರು. 18ರಲ್ಲಿ ಎಲ್ಲರಂತೆ 46 ಕ್ರೋಮೋಸೋಮ್. ಉಳಿದ 12ರಲ್ಲಿ 21ನೇ ಕ್ರೋಮೋಸೋಮ್ ಒಂದು ಜಾಸ್ತಿ, ಅಂದರೆ 47. ಹೀಗೆ ಎರಡು ಬಗೆಯ ಕಣ ಬೆರೆತಿರುವುದಕ್ಕೇ ಮೊಸಾಯಿಕ್ ಅನ್ನುವುದು.

ಮೂವತ್ತಕ್ಕೆ ಹನ್ನೆರಡು ಅಂದರೆ 40 ಪರ್ಸೆಂಟ್. ಅಲ್ಲಿಂದ ಶುರುವಾಯಿತು ನೋಡಿ ಲೆಕ್ಕ. ನಮ್ಮ ಸೋದರಮಾವ ಫೋನಿನಲ್ಲೇ ರಿಸಲ್ಟ್ ಕೊಟ್ಟರು: 'ಉಳಿದ ಅರವತ್ತು ಸರಿ ಐತಲ್ಲವ್ವಾ, ಫಸ್ಟ್ ಕ್ಲಾಸು!' ನಗು ಬಂತು. ಆದರೆ ಸುಳ್ಳು ಯಾಕೆ, ಎಷ್ಟೋ ರಾತ್ರಿ ನಾನೂ ಅದೇ ಅರವತ್ತನ್ನು ಹಿಡಿದುಕೊಂಡು ಮಲಗಿದ್ದೇನೆ.

ಆ ಹುಚ್ಚು ಬಿಡಿಸಿದ್ದು ಅಪ್ಪಾಜಿ. ಮೊಸಾಯಿಕ್ ಅನ್ನುವ ಪದ ಕೇಳಿದವರೇ, 'ನಮ್ಮ ಪಡಸಾಲೆ ನೆಲದ ಥರಾನಾ?' ಅಂದರು. ಹೌದು, ಅದೇ ಪದ. ಸಿಮೆಂಟಿನಲ್ಲಿ ಬಿಳಿ, ಕಪ್ಪು ಕಲ್ಲಿನ ಚೂರು ಕಲಸಿ ಹಾಕಿ, ಮೆಷಿನ್ನಿನಲ್ಲಿ ಉಜ್ಜಿ ಉಜ್ಜಿ ಹೊಳಪು ತಂದ ನೆಲ ನಮ್ಮನೆಯದು. ಈ ಸಲ ನಾವು ಹೋದಾಗ ಅವರು ಮೊಮ್ಮಗಳ ಪಕ್ಕ ನೆಲದ ಮೇಲೇ ಕೂತು ತೋರಿಸಿದರು. ಬಾಗಿಲ ಹತ್ತಿರ ಕಪ್ಪು ಚೂರು ಒತ್ತೊತ್ತಾಗಿವೆ. ದೇವರ ಮನೆ ಮುಂದೆ ಹುಡುಕಬೇಕು. 'ಒಂದು ಮೂಲೆ ಎಣಿಸಿ ಇಡೀ ಮನಿ ಲೆಕ್ಕ ಹೆಂಗೆ ಹೇಳ್ತಾರವ್ವಾ ಇವರು?' ಅಂದರು. ಇಲ್ಲಿನ ಡಾಕ್ಟರು ಅರ್ಧ ಗಂಟೆ ಹೇಳಿದ್ದೂ ಇದನ್ನೇ. ಎಣಿಸಿದ್ದು ರಕ್ತದ ಕಣ. ಮೆದುಳಿನಲ್ಲಿ, ಹೃದಯದಲ್ಲಿ, ಚರ್ಮದಲ್ಲಿ ಎಷ್ಟೆಷ್ಟು ಇದೆಯೋ ಅದರಿಂದ ಹೇಳಲಾಗದು. ಆ 40 ನೋಡಿಕೊಂಡು ಮಗು ಯಾವಾಗ ಮಾತಾಡುತ್ತೆ, ಎಷ್ಟು ಓದುತ್ತೆ ಅಂತ ಭವಿಷ್ಯ ಹೇಳಲೂ ಬರುವುದಿಲ್ಲ.

ಅವ್ವನ ಗೊಂದಲ ಬೇರೆ. ಡೌನ್ ಅಂದರೆ ಕೆಳಗೆ, ಬುದ್ಧಿ ಕೆಳಗೆ, ಅಂತ ತಿಳಿದುಕೊಂಡಿದ್ದಳು. ಅದು 1866ರಲ್ಲಿ ಇದರ ಬಗ್ಗೆ ಬರೆದ ಜಾನ್ ಲ್ಯಾಂಗ್ಡನ್ ಡೌನ್ ಅನ್ನುವ ಇಂಗ್ಲೆಂಡಿನ ಡಾಕ್ಟರ ಹೆಸರು ಅಂದೆ. 'ಪುಣ್ಯಾತ್ಮ, ಬೇರೆ ಹೆಸರು ಇಟ್ಕಬಾರದಿತ್ತಾ' ಅಂದಳು. ಆಮೇಲೆ ದನಿ ತಗ್ಗಿಸಿ, 'ಬಸುರಿದ್ದಾಗ ಗ್ರಹಣದಾಗ ಹೊರಗೇನಾದ್ರೂ ಬಂದಿದ್ಯೇನೇ?' ಇಲ್ಲವ್ವಾ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊದಲ ಕಣದಲ್ಲೇ 47 ಇದ್ದು, ಮುಂದೆ ಕೆಲವು ಕಣ ಆ ಒಂದನ್ನು ಕಳೆದುಕೊಂಡಿರಬಹುದು. ಇಲ್ಲವೇ 46ರಿಂದ ಶುರುವಾಗಿ, ಕಣ ಒಡೆದು ಎರಡಾಗುವಾಗ ಒಂದು ಕಡೆ ತಪ್ಪಿರಬಹುದು. ನಾನು ತಿಂದಿದ್ದು, ಕುಡಿದಿದ್ದು, ನೋಡಿದ್ದು ಯಾವುದೂ ಕಾರಣ ಅಲ್ಲ. ಇದನ್ನು ಅವ್ವನಿಗೆ ಮೂರು ಸಲ ಹೇಳಿದೆ. ಎರಡು ಸಲ ನನಗೇ ಹೇಳಿಕೊಂಡ ಹಾಗಿತ್ತು.

ಮೊಸಾಯಿಕ್‌ನಲ್ಲಿ ಒಂದು ತೊಡಕಿದೆ. ನಮ್ಮ ಮಗಳ ಮುಖ ನೋಡಿದರೆ ಬೇಗ ಗೊತ್ತಾಗುವುದಿಲ್ಲ. 'ಗೊತ್ತೇ ಆಗಲ್ಲ ಬಿಡು' ಅಂತ ಎಲ್ಲರೂ ಸಮಾಧಾನಕ್ಕೆ ಹೇಳುತ್ತಾರೆ. ಗೊತ್ತಾಗದೇ ಇರುವುದರಿಂದಲೇ ನಮಗೆ ನಷ್ಟ ಆಗಿದ್ದು. ಇಲ್ಲಿ ಒಂದು ಕಡೆ, ಇವಳಿಗೆ ಸ್ಪೀಚ್ ಥೆರಪಿ ಅಷ್ಟು ಅರ್ಜೆಂಟ್ ಇಲ್ಲ, ಚೆನ್ನಾಗೇ ಇದ್ದಾಳಲ್ಲ ಅಂತ ಪಟ್ಟಿಯಲ್ಲಿ ಹಿಂದಕ್ಕೆ ಹಾಕಿದರು. ಒಂದು ವರ್ಷ ಹೋಯಿತು. ಬಸ್ಸಿನಲ್ಲಿ ಅವಳು ನೆಲಕ್ಕೆ ಬಿದ್ದು ಹಟ ಮಾಡಿದರೆ ಜನ ನನ್ನನ್ನು ನೋಡುತ್ತಾರೆ, ಹೇಗೆ ಬೆಳೆಸಿದ್ದಾಳೆ ಅಂತ.

ಪರೀಕ್ಷೆಗಳಲ್ಲಂತೂ ರಿಯಾಯಿತಿ ಇಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಮೊಸಾಯಿಕ್ ಆದರೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲೇಬೇಕು. ಇವಳಿಗೆ ಸಣ್ಣ ತೂತಿತ್ತು, ತಾನೇ ಮುಚ್ಚಿಕೊಂಡಿತು. ವರ್ಷಕ್ಕೊಮ್ಮೆ ಥೈರಾಯ್ಡ್ ನೋಡುತ್ತಾರೆ. ಕಣ್ಣು, ಕಿವಿಯೂ ಆಗಬೇಕು. ಕಿವಿಯೊಳಗೆ ಅಂಟು ನೀರು ಕಟ್ಟಿ ಅರ್ಧಂಬರ್ಧ ಕೇಳುತ್ತಿತ್ತು ಅಂತ ತಿಳಿದಾಗ ಅವಳಿಗೆ ಎರಡೂವರೆ ವರ್ಷ. ಅಲ್ಲಿಯವರೆಗೆ ಕರೆದರೂ ತಿರುಗಲ್ಲ, ಮೊಂಡು ಅಂತ ಬೈಯ್ದಿದ್ದೆ.

ಚೆನ್ನಾಗಿ ನಡೆದಿದ್ದನ್ನೂ ಹೇಳಬೇಕಲ್ಲ. ವಾರಕ್ಕೊಮ್ಮೆ ಒಬ್ಬ ಟೀಚರ್ ಮನೆಗೆ ಬರುತ್ತಿದ್ದರು. ಕಾಲುಚೀಲ ಹಾಕುವುದನ್ನು ಅವರು ಹಿಂದುಮುಂದಾಗಿ ಕಲಿಸಿದರು. ಬೆರಳಿಗೆ, ಪಾದಕ್ಕೆ, ಹಿಮ್ಮಡಿಗೆ ನಾನೇ ಹಾಕಬೇಕು. ಹಿಮ್ಮಡಿಯಿಂದ ಮೇಲೆ ಎಳೆಯುವ ಕೊನೇ ಕೆಲಸ ಅವಳದು. ಎಳೆದ ತಕ್ಷಣ ಕೆಲಸ ಮುಗಿಯಿತು, ಚಪ್ಪಾಳೆ! ಅದು ಬಂದ ಮೇಲೆ ಹಿಮ್ಮಡಿಯೂ ಅವಳ ಪಾಲಿಗೆ. ನಾಲ್ಕು ತಿಂಗಳು ಹಿಡಿಯಿತು. ಎಡಗಾಲಿನದು ಇವತ್ತಿಗೂ ತಿರುಗಾ ಮುರುಗಾ.

ಊರಲ್ಲಿ ಇಂಥ ಮಕ್ಕಳಿರುವವರು ಎಲ್ಲಿ ತೋರಿಸಬೇಕು ಅಂತ ಇನ್‌ಬಾಕ್ಸಿನಲ್ಲಿ ಕೇಳಿದ್ದಕ್ಕೆ ಇಷ್ಟು ಹೇಳುತ್ತೇನೆ. ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುವ ಸರ್ಕಾರಿ ತಂಡ 2013ರಿಂದ ಇದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ. ಅವರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ನಾಚಿಕೆ ಬಿಟ್ಟು ತೋರಿಸಿ.

ಮಾತು ಬರುವವರೆಗೆ ಇಲ್ಲಿ ಮಕಾಟನ್ ಅನ್ನುವ ಕೈಸನ್ನೆ ಕಲಿಸುತ್ತಾರೆ. ಬಾಯಲ್ಲಿ ಹೇಳುತ್ತಲೇ ಕೈಯಲ್ಲೂ ತೋರಿಸಬೇಕು. ಬಿಸ್ಕತ್ತಿಗೆ, ಬೆರಳು ಮಡಚಿ ಇನ್ನೊಂದು ಕೈಯ ಮೊಳಕೈ ತಟ್ಟುವುದು. ನಿಟುವಳ್ಳಿಯಲ್ಲಿ ಎರಡನೇ ದಿನ ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಮಗಳು ಅಳುತ್ತಾ ಮೊಳಕೈ ತಟ್ಟಿಕೊಳ್ಳುತ್ತಿದ್ದಾಳೆ. ಅವ್ವ 'ಎಲ್ಲಿ ಬಿದ್ದೆ ನನ ಬಂಗಾರ' ಅಂತ ಆ ಮೊಳಕೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಾಳೆ. ಇವಳು ತಟ್ಟಿದಷ್ಟೂ ಎಣ್ಣೆ.

ಅವ್ವನಿಗೆ ವಿಷಯ ತಿಳಿಸಿದೆ. ಸಂಜೆ ಹೊತ್ತಿಗೆ ಮಂಡಕ್ಕಿಗೆ ಅವಳೇ ಒಂದು ಸನ್ನೆ ಕಂಡುಹಿಡಿದಿದ್ದಳು, ಅಂಗೈಯಿಂದ ಬಾಯಿಗೆ ಎಸೆದುಕೊಳ್ಳುವ ಹಾಗೆ. ಮಿರ್ಚಿಗೆ ನಾಲಿಗೆ ಹೊರಹಾಕಿ 'ಹಾ ಹಾ'. ಮಕಾಟನ್‌ನವರು ಒಪ್ಪುತ್ತಾರೋ ಇಲ್ಲವೋ, ಮಗಳು ಒಪ್ಪಿದಳು.

ಹೊರಡುವ ಹಿಂದಿನ ದಿನ ಎದುರು ಮನೆಯ ಅಕ್ಕ ಮತ್ತೆ ಅದೇ ಪ್ರಶ್ನೆ ತೆಗೆದರು, ಮಾತು ಯಾವಾಗ ಅಂತ. ನನ್ನ ಬಾಯಿ 'ಸ್ವಲ್ಪ ಲೇಟು' ಅನ್ನಲು ಹೊರಟಿತ್ತು. ಅಷ್ಟರಲ್ಲಿ ಅವ್ವ, 'ಹೇಳ್ತಾಳ್ರೀ, ನಿಮಗೆ ಗೊತ್ತಾಗವಲ್ದು ಅಷ್ಟೆ. ಮೊಳಕೈ ತಟ್ಟಿದ್ರೆ ಬಿಸ್ಕತ್ತು' ಅಂದು ತಟ್ಟಿ ತೋರಿಸಿದಳು. ಕಾಯಿಲೆ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ, ಆವತ್ತು.

ಆ ಅಕ್ಕನ ಮೊಮ್ಮಕ್ಕಳು ಮೂವರು ಬಾಗಿಲಲ್ಲೇ ನಿಂತಿದ್ದರು. ಮೂವರೂ ಒಟ್ಟಿಗೆ ಮೊಳಕೈ ತಟ್ಟತೊಡಗಿದರು. ಫ್ಲೈಟಿಗೆ ಅಂತ ತೆಗೆದಿಟ್ಟಿದ್ದ ಪಾರ್ಲೆ-ಜಿ ಪೊಟ್ಟಣ ಅಲ್ಲೇ ಖಾಲಿ.