ಗಯೆಗೆ ಹೋಗಿ ಬಂದ ಮೇಲೂ ತಿಥಿ ಮಾಡಬೇಕಾ?

ಮಾಡಬೇಕು. ಅಪ್ಪ ಅಮ್ಮನಿಗೆ ಗಯೆಯಲ್ಲಿ ಪಿಂಡ ಹಾಕಿ ಬಂದರೂ ವರ್ಷದ ತಿಥಿ ತಪ್ಪೋದಿಲ್ಲ. ಇದನ್ನು ಕೇಳೋದಕ್ಕೆ ಇನ್ನು ಯಾರೂ ಫೋನ್ ಮಾಡಬೇಡಿ.

ಪ್ರಶ್ನೆಗಿಂತ ಕೇಳುವ ಧಾಟಿಗೇ ನನಗೆ ಸಿಟ್ಟು. "ಗಯೆ ಮುಗಿಸಿದ್ಯಲ್ಲ, ಇನ್ನು ಆರಾಮು ಬಿಡು" ಅನ್ನುತ್ತಾರೆ. ಸಾಲದ ಕೊನೇ ಕಂತು ಕಟ್ಟಿ ಬಂದವನನ್ನು ಮಾತಾಡಿಸಿದ ಹಾಗೆ. ನೆಂಟರೊಬ್ಬರಂತೂ ಮದುವೆ ಊಟದಲ್ಲಿ ಎದುರು ಪಂಕ್ತಿಯಿಂದ ಕೂಗಿ ಕೇಳಿದರು: "ಏನಪ್ಪಾ, ಇನ್ಮೇಲೆ ಶ್ರಾದ್ಧ ಇಲ್ಲ ಅಲ್ವಾ ನಿನಗೆ?" ಪಾಯಸ ಬಡಿಸುತ್ತಿದ್ದ ಹುಡುಗ ಸೌಟು ಹಿಡಿದು ಹಾಗೇ ನಿಂತ. ಹೆಣ್ಣಿನ ಸೋದರಮಾವ "ಶುಭಕಾರ್ಯದಲ್ಲಿ ಅದೆಲ್ಲ ಯಾಕ್ರೀ" ಅಂತ ಗದರಿದರು. ಯಾರನ್ನು? ನನ್ನನ್ನು! ನಾನು ಬಾಯಿ ತೆರೆದಿದ್ದು ಹೋಳಿಗೆಗೆ ಮಾತ್ರ.

ಆ ನೆಂಟರು ಅಷ್ಟಕ್ಕೇ ಬಿಡಲಿಲ್ಲ. ಕೈ ತೊಳೆಯುವಲ್ಲಿ ಮತ್ತೆ ಹಿಡಿದರು. "ಅಕ್ಷಯವಟದ ಹತ್ರ ಏನು ಬಿಟ್ಟೆ?" ಗಯೆಯ ಆ ಆಲದ ಮರದ ಬುಡದಲ್ಲಿ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರುವ ಪದ್ಧತಿ ಇದೆ. ಮತ್ತೆ ಅದನ್ನು ತಿನ್ನುವ ಹಾಗಿಲ್ಲ. ಇಷ್ಟವಾದದ್ದನ್ನು ಬಿಡಬೇಕು ಅನ್ನುವುದು ಉದ್ದೇಶ. ಅವರು ಬಿಟ್ಟಿದ್ದು ಹಾಗಲಕಾಯಿಯಂತೆ.

ಸರಿ, ಕಾರಣ ಬೇಕು ಅನ್ನುವವರಿಗೆ ಹೇಳುತ್ತೇನೆ. ಮಗ ಅನ್ನಿಸಿಕೊಳ್ಳಲು ಮೂರು ಕೆಲಸ ಅಂತ ಪುರೋಹಿತರು ಹೇಳುವ ಹಳೇ ಶ್ಲೋಕವೊಂದಿದೆ. ಬದುಕಿದ್ದಾಗ ಹೆತ್ತವರ ಮಾತು ಕೇಳುವುದು. ಹೋದ ಮೇಲೆ ಪ್ರತಿ ವರ್ಷ ಅವರ ಹೆಸರಲ್ಲಿ ಊಟ ಹಾಕುವುದು. ಗಯೆಯಲ್ಲಿ ಪಿಂಡ ಇಡುವುದು. ಮೂರೂ ಬೇರೆ ಬೇರೆ. ಒಂದು ಮಾಡಿದರೆ ಇನ್ನೊಂದಕ್ಕೆ ರಜೆ ಅಂತ ಎಲ್ಲೂ ಇಲ್ಲ. ಮೂರನೆಯದು ಮಾಡಿ ಎರಡನೆಯದರಿಂದ ತಪ್ಪಿಸಿಕೊಳ್ಳಲು ನೋಡುವವರು ಮೊದಲನೆಯದರ ಸುದ್ದಿಯನ್ನೇ ಎತ್ತುವುದಿಲ್ಲ, ಗಮನಿಸಿ.

ಫಲ್ಗು ನದಿಯಲ್ಲಿ ನೀರಿತ್ತಾ, ಅಲ್ಲಿನ ಪುರೋಹಿತ ಪಂಡಾ ಎಷ್ಟು ತಗೊಂಡ, ಊಟಕ್ಕೆ ಏನು ಮಾಡಿದ್ರಿ, ಎಲ್ಲ ಕೇಳುತ್ತಾರೆ. ಅಲ್ಲಿ ಅಮ್ಮನಿಗೆ ಏನು ಹೇಳಿ ಪಿಂಡ ಇಟ್ಟೆ ಅಂತ ಒಬ್ಬರಾದರೂ ಕೇಳಬಾರದಾ?

ಗಯೆಯಲ್ಲಿ ತಾಯಿಗೆಂದೇ 16 ಪಿಂಡ ಇಡಿಸುತ್ತಾರೆ. ಮಾತೃಷೋಡಶಿ ಅನ್ನುತ್ತಾರೆ. ಒಂದೊಂದಕ್ಕೂ ಒಂದು ಮಂತ್ರ, ಒಂದೊಂದರಲ್ಲೂ ಅವಳು ಪಟ್ಟ ಒಂದು ಕಷ್ಟ. ಹೊಟ್ಟೆಯೊಳಗಿಂದ ಒದ್ದಿದ್ದಕ್ಕೆ ಒಂದು ಪಿಂಡ. ಹೆರಿಗೆಯ ನೋವಿಗೆ ಒಂದು. ಬಾಣಂತನದಲ್ಲಿ ಕುಡಿದ ಕಹಿ ಕಷಾಯಕ್ಕೆ ಒಂದು. ರಾತ್ರಿ ಮಗು ಅವಳ ಬಟ್ಟೆ ಒದ್ದೆ ಮಾಡಿದ್ದಕ್ಕೂ ಒಂದು. ತಲೆ ನರೆತ ಗಂಡಸರು ಸಾಲಾಗಿ ಕೂತು ಇದನ್ನೆಲ್ಲ ಕೇಳಬೇಕು. ನನ್ನ ಪಕ್ಕದವರು ಎಳ್ಳು ಹಾಕುವುದನ್ನೇ ಮರೆತು ಕೂತಿದ್ದರು.

ಕಷಾಯದ ಪಿಂಡ ಬಂದಾಗ ಹಿಂದೆ ಕೂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಅವಳದು ಎರಡು ಬಾಣಂತನ ಆಗಿದೆ. ಎರಡರಲ್ಲೂ ಕಷಾಯ ಕುದಿಸಿ ಕುಡಿಸಿದ್ದು ಅಮ್ಮನೇ. ಪುರೋಹಿತರು ತಲೆಯೆತ್ತಿ ನೋಡಿದರು. "ನೀವು ಹೇಳಿ ಸ್ವಾಮಿ, ಎಲ್ಲ ಸರಿಯಾಗೇ ಇದೆ" ಅಂದಳು.