ರೀಲಿನ ಡಬ್ಬ ಹೋಗಿ ಕೀ ಬಂದ ಮೇಲೆ

ಡಿಜಿಟಲ್ ತಂತ್ರಜ್ಞಾನ ಸಿನಿಮಾವನ್ನು ಹೇಗೆ ಬದಲಿಸಿತು ಎಂಬ ಚರ್ಚೆ ಸಾಮಾನ್ಯವಾಗಿ ಕ್ಯಾಮೆರಾದಿಂದಲೇ ಆರಂಭವಾಗುತ್ತದೆ. 2007ರಲ್ಲಿ ರೆಡ್ ಒನ್, 2010ರಲ್ಲಿ ಅಲೆಕ್ಸಾ ಎಂಬ ಡಿಜಿಟಲ್ ಕ್ಯಾಮೆರಾಗಳು ಬಂದ ನಂತರ ಕಚ್ಚಾ ಫಿಲ್ಮ್ ಖರ್ಚಾಗುವ ಅಂಜಿಕೆಯಿಲ್ಲದೆ ಟೇಕ್ ಮೇಲೆ ಟೇಕ್ ತೆಗೆಯಲು ಸಾಧ್ಯವಾದದ್ದು ನಿಜ. ಆದರೆ ಪ್ರೇಕ್ಷಕನಾಗಿ ನನಗೆ ಅದಕ್ಕಿಂತ ದೊಡ್ಡದೆನಿಸುವುದು, ಸಿದ್ಧವಾದ ಚಿತ್ರ ಊರೂರಿನ ಟಾಕೀಸಿಗೆ ತಲುಪುವ ದಾರಿಯಲ್ಲಿ ಆದ ಬದಲಾವಣೆ.

35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರುಳಿ. ಅದನ್ನು ಡಬ್ಬಗಳಲ್ಲಿ ತುಂಬಿ ಬಸ್ಸಿಗೋ ರೈಲಿಗೋ ಹಾಕಿ ಕಳಿಸಬೇಕಿತ್ತು. ಒಂದೊಂದು ಪ್ರಿಂಟಿಗೂ ದೊಡ್ಡ ಮೊತ್ತ ಬೀಳುತ್ತಿದ್ದುದರಿಂದ ನಿರ್ಮಾಪಕರು ಪ್ರಿಂಟುಗಳನ್ನು ಎಣಿಸಿ ಹಾಕಿಸುತ್ತಿದ್ದರು. ಗಾಂಧಿನಗರದ ವಿತರಕರ ಲೆಕ್ಕಾಚಾರದಂತೆ ಚಿತ್ರ ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಓಡಿ, ಗೆರೆ ಬಿದ್ದು, ತುಂಡಾದಲ್ಲೆಲ್ಲ ಅಂಟಿಸಿಕೊಂಡು, ಕೆಲವೊಮ್ಮೆ ಒಂದು ಹಾಡನ್ನೇ ಕಳೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಬರುತ್ತಿತ್ತು. ಒಂದೇ ಪ್ರಿಂಟನ್ನು ಎರಡು ಚಿತ್ರಮಂದಿರಗಳು ಹಂಚಿಕೊಳ್ಳುವುದೂ ಇತ್ತು. ಇಲ್ಲಿ ಓಡಿ ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ಲಿನಲ್ಲಿ ಅಲ್ಲಿಗೆ ಒಯ್ಯುತ್ತಿದ್ದ. ಅವನು ತಡಮಾಡಿದರೆ ಇಂಟರ್ವಲ್ ಬೆಳೆಯುತ್ತಿತ್ತು. ಕ್ಯಾಂಟೀನಿನವರೇನೂ ಅದಕ್ಕೆ ಬೇಸರಪಟ್ಟಿರಲಾರರು.

2000ದ ದಶಕದ ನಡುವಿನಿಂದ ಯುಎಫ್‌ಒ, ಕ್ಯೂಬ್ ಮುಂತಾದ ಕಂಪನಿಗಳು ಚಿತ್ರಮಂದಿರಗಳಲ್ಲಿ ಸರ್ವರ್ ಮತ್ತು ಡಿಜಿಟಲ್ ಪ್ರೊಜೆಕ್ಟರುಗಳನ್ನು ಕೂರಿಸತೊಡಗಿದವು. ಚಿತ್ರ ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನಲ್ಲೋ ಬರುತ್ತದೆ. ಗೂಢಲಿಪಿಯಲ್ಲಿರುವ ಅದನ್ನು ತೆರೆಯಲು ಆ ಚಿತ್ರಮಂದಿರಕ್ಕೆ, ಗೊತ್ತುಪಡಿಸಿದ ಅವಧಿಗೆ ಮಾತ್ರ ಅನ್ವಯಿಸುವ ಡಿಜಿಟಲ್ ಕೀ ಬೇಕು. ಹಣದ ವ್ಯವಹಾರ ಬಗೆಹರಿಯದೆ ಕೀ ಬಾರದಿದ್ದರೆ, ಚಿತ್ರ ಸರ್ವರಿನಲ್ಲಿದ್ದರೂ ಬೆಳಗಿನ ಆಟ ಶುರುವಾಗುವುದಿಲ್ಲ. ಹಾಗಿದ್ದರೂ ಈ ವ್ಯವಸ್ಥೆ ಸಣ್ಣ ಊರಿನ ಪ್ರೇಕ್ಷಕನಿಗೆ ನ್ಯಾಯವನ್ನೇ ಮಾಡಿದೆ. ರಾಜಧಾನಿಯಲ್ಲಿ ಬಿಡುಗಡೆಯಾದ ದಿನವೇ, ಗೆರೆಯಿಲ್ಲದ ಚಿತ್ರವನ್ನು ಅವನೂ ನೋಡುತ್ತಾನೆ. ಹೊರದೇಶದಲ್ಲಿರುವ ಕನ್ನಡಿಗರೂ ಭಾರವಾದ ಪ್ರಿಂಟ್ ಸಮುದ್ರ ದಾಟಿ ಬರಲೆಂದು ಕಾಯಬೇಕಿಲ್ಲ. ಸವೆದ ಪ್ರಿಂಟಿಗಾಗಿ ಹಂಬಲಿಸುವ ಗೀಳು ನನಗಿಲ್ಲ.

ಆದರೆ ಪ್ರಿಂಟಿನ ನಿಧಾನ ಒಂದು ಕೆಲಸವನ್ನು ಮಾಡುತ್ತಿತ್ತು: ಚಿತ್ರ ಚೆನ್ನಾಗಿದೆ ಎಂಬ ಸುದ್ದಿಗೆ ಊರಿಂದೂರಿಗೆ ಹರಡಲು ಸಮಯ ಸಿಗುತ್ತಿತ್ತು. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದಲೇ ಬೆಳೆದು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಈಗ ಶುಕ್ರವಾರ ಎಲ್ಲೆಡೆ ಒಟ್ಟಿಗೆ ಬಂದ ಚಿತ್ರದ ಹಣೆಬರಹ ಸೋಮವಾರಕ್ಕೆಲ್ಲ ತೀರ್ಮಾನವಾಗಿರುತ್ತದೆ. 2022ರ ಏಪ್ರಿಲ್ 14ರಂದು ‘ಕೆಜಿಎಫ್’ನ ಎರಡನೇ ಭಾಗ ಐದು ಭಾಷೆಗಳಲ್ಲಿ ಒಂದೇ ದಿನ ಸಾವಿರಾರು ತೆರೆಗಳ ಮೇಲೆ ಬಂದದ್ದು ಇದೇ ವ್ಯವಸ್ಥೆಯ ಬಲದಿಂದ. ಅಂಥ ವಾರದಲ್ಲಿ ತಾರೆಯರಿಲ್ಲದ ಚಿತ್ರಕ್ಕೆ ಬೆಳಗಿನ ಒಂದು ಆಟ ಸಿಕ್ಕರೆ ಅದೇ ಹೆಚ್ಚು.

ಪ್ರಿಂಟಿನ ಖರ್ಚು ಹೋದರೂ ನಿರ್ಮಾಪಕರ ಹೊರೆ ಪೂರ್ತಿ ಇಳಿಯಲಿಲ್ಲ. ಪ್ರೊಜೆಕ್ಟರಿಗೆ ಹೂಡಿದ ಹಣವನ್ನು ಹಿಂಪಡೆಯಲೆಂದು ಡಿಜಿಟಲ್ ಕಂಪನಿಗಳು ನಿರ್ಮಾಪಕರಿಂದ ಪಡೆಯತೊಡಗಿದ ವರ್ಚುವಲ್ ಪ್ರಿಂಟ್ ಶುಲ್ಕ ವರ್ಷಗಳು ಕಳೆದರೂ ನಿಲ್ಲಲಿಲ್ಲ. 2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರೋದ್ಯಮಗಳು ಒಟ್ಟಾಗಿ ಪ್ರತಿಭಟಿಸಿದ್ದು ಇದರ ವಿರುದ್ಧವೇ. ಹತ್ತು ಊರುಗಳಲ್ಲಿ ಆರಂಭಿಸಿ, ಜನ ಮೆಚ್ಚಿದ ಮೇಲೆ ನೂರಕ್ಕೆ ಹಬ್ಬಿಸುವುದು ತಾಂತ್ರಿಕವಾಗಿ ಇಂದು ಎಂದಿಗಿಂತ ಸುಲಭ, ಏಕೆಂದರೆ ಹೊಸ ಊರಿಗೆ ಹೊಸ ಪ್ರಿಂಟು ಬೇಕಿಲ್ಲ. ಆದರೆ ಮೊದಲ ವಾರದ ಗಳಿಕೆಯನ್ನೇ ನೋಡಿ ಆಟಗಳನ್ನು ಕಡಿಮೆಮಾಡುವ ಚಿತ್ರಮಂದಿರಗಳು, ಕೆಲವೇ ವಾರಗಳಲ್ಲಿ ಚಿತ್ರವನ್ನು ಬಯಸುವ ಒಟಿಟಿ ಮತ್ತು ನಕಲಿ ಪ್ರತಿಯ ಭಯ, ಇವೆಲ್ಲ ಸೇರಿ ವಿತರಕರನ್ನು ಆ ದಾರಿಗೆ ಬಿಡುತ್ತಿಲ್ಲ.