ಎರಡಾಳು ನೀರಿನ ದೊಣೆ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿಯಿಂದ ರಾಮನಗರದವರೆಗೆ ಹಬ್ಬಿರುವ ಬೋಳು ಬೆಟ್ಟಗಳನ್ನು ದೂರದಿಂದ ನೋಡಿದವರಿಗೆ ಅಲ್ಲಿ ಈಜುವಷ್ಟು ನೀರಿದೆ ಎಂದರೆ ನಂಬಿಕೆ ಬರುವುದಿಲ್ಲ. ಆದರೆ ಆ ಬಂಡೆಗಳ ಮೈಮೇಲೆ ದೊಣೆಗಳಿವೆ, ಮಳೆನೀರು ನಿಲ್ಲುವ ಕಲ್ಲಿನ ಗುಳಿಗಳು. ಕೆಲವು ಬೊಗಸೆಯಷ್ಟು, ಕೆಲವು ಕಲ್ಯಾಣಿಯಷ್ಟು. ನನಗೆ ಅವುಗಳ ಹುಚ್ಚು ಹಿಡಿಸಿದವರು ನಮ್ಮ ಚಿಕ್ಕಪ್ಪ. ಹುಡುಗರಾಗಿದ್ದಾಗ ದಸರಾ ರಜೆಗೆ ಸೋದರಮಾವನ ಊರಿಗೆ ಹೋದರೆ ಬೆಟ್ಟ ಹತ್ತಿ ದೊಣೆಗೆ ಬೀಳುತ್ತಿದ್ದರಂತೆ. ಎರಡು ಬಂಡೆಗಳ ಸಂದಿನಲ್ಲಿ ಉದ್ದಕ್ಕೆ ನೀರು, ಪಕ್ಕದಲ್ಲೊಂದು ಬಸರಿ ಮರ: ಇಷ್ಟು ಅವರಿಗೆ ಕಣ್ಣಿಗೆ ಕಟ್ಟಿದಂತಿದೆ. ಯಾವ ಬೆಟ್ಟ ಎಂದು ಕೇಳಿದರೆ, "ಅಲ್ಲಿ ಎಲ್ಲ ಕಡೆಯೂ ಬೆಟ್ಟವೇ ಅಲ್ಲವೇನಮ್ಮ" ಎನ್ನುತ್ತಾರೆ. ಮಾವನ ಮನೆಯವರು ಊರು ಬಿಟ್ಟು ದಶಕಗಳೇ ಕಳೆದಿವೆ.

ನಾನು ಬಸವನಗುಡಿಯಲ್ಲಿ ಕ್ಲೋರಿನ್ ನೀರಿನ ಕೊಳದಲ್ಲಿ ಈಜು ಕಲಿತವಳು. ಕೆರೆಗಳ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಧೈರ್ಯವಾಗಿ ಕಾಲಿಡಬಹುದಾದ ಕೆರೆ ಈಗ ಒಂದೂ ನನಗೆ ಕಾಣುವುದಿಲ್ಲ. ಬಯಲಿನ ನೀರಿನಲ್ಲಿ, ತಲೆಯ ಮೇಲೆ ಆಕಾಶ ಇಟ್ಟುಕೊಂಡು ಈಜಬೇಕೆಂಬ ಆಸೆ ಸಣ್ಣದಲ್ಲ. ಚಿಕ್ಕಪ್ಪನ ದೊಣೆಯನ್ನು ಹುಡುಕಿಯೇ ತೀರಬೇಕೆಂದು ಹೊರಟೆ. ಜೊತೆಗೆ ಚಿಕ್ಕಪ್ಪನ ಮಗಳು, ನನ್ನ ತಂಗಿ.

ಹುಡುಕಾಟ ಶುರುವಾದದ್ದು ಮನೆಯಲ್ಲಿ. ಭಾರತೀಯ ಸರ್ವೇಕ್ಷಣಾ ಇಲಾಖೆ 2017ರಿಂದ ತನ್ನ 1:50,000 ಅಳತೆಯ ನಕ್ಷೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಕೊಡುತ್ತಿದೆ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ದೊಣೆಯಂಥ ಸಣ್ಣ ನೀರು ಅದರಲ್ಲಿ ಮೂಡುವುದಿಲ್ಲ. ಆದರೆ ಎತ್ತರದ ಗೆರೆಗಳು ಎಲ್ಲಿ ಒತ್ತಾಗಿವೆ, ಹಳ್ಳದ ನೀಲಿ ಗೆರೆ ಎಲ್ಲಿಂದ ಹೊರಡುತ್ತದೆ ಎಂಬುದು ತಿಳಿಯುತ್ತದೆ. ಆಮೇಲೆ ಉಪಗ್ರಹ ಚಿತ್ರಗಳು. ಒಂದೇ ಬೆಟ್ಟದ ಅಕ್ಟೋಬರ್ ಚಿತ್ರವನ್ನೂ ಮಾರ್ಚ್ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಅಳಿಯದೆ ಉಳಿದ ಕಪ್ಪು ಚುಕ್ಕೆಗಳನ್ನು ಗುರುತು ಹಾಕಿಕೊಂಡೆವು. ಹಸಿರು ಬಣ್ಣದ, ಅಂಚು ನೆಟ್ಟಗೆ ಕತ್ತರಿಸಿದಂತಿರುವ ನೀರೆಲ್ಲ ಕಲ್ಲು ಕ್ವಾರಿ. ಪಕ್ಕದಲ್ಲೇ ಲಾರಿ ಓಡಾಡಿದ ದಾರಿ ಕಾಣುತ್ತದೆ. ಅವನ್ನು ಒಂದೇ ಏಟಿಗೆ ಕೈಬಿಟ್ಟೆವು. ಕ್ವಾರಿಯ ಗೋಡೆ ನೇರ ಕೆಳಕ್ಕೆ ಇಳಿದಿರುತ್ತದೆ, ಸುಸ್ತಾದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಅಲ್ಲೇ ಹತ್ತಿರದ ಮಂಚನಬೆಲೆ ಜಲಾಶಯಕ್ಕೆ ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಮೀಸಲು ಅರಣ್ಯದೊಳಗಿನ ಬೆಟ್ಟಗಳನ್ನೂ ಪಟ್ಟಿಯಿಂದ ತೆಗೆದೆವು. ಅನುಮತಿಯಿಲ್ಲದೆ ಅಲ್ಲಿ ನುಗ್ಗುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ ಅದು ಕರಡಿ ಚಿರತೆಗಳ ಮನೆ, ಅವೂ ನೀರಿಗೆ ಬರಬೇಕು. ಕೊನೆಗೆ ಉಳಿದದ್ದು ಗೋಮಾಳಕ್ಕೆ ಸೇರಿದ ಬೆರಳೆಣಿಕೆಯ ಗುಡ್ಡಗಳು.

ಬೆಂಗಳೂರಿನ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನವೆಂಬರ್ ಕೊನೆಗೆ ದೊಣೆಗಳು ತುಂಬಿರುತ್ತವೆ, ಕೆಸರು ತಳ ಸೇರಿರುತ್ತದೆ, ಬಂಡೆ ಒಣಗಿ ಕಾಲು ಹಿಡಿಯುತ್ತದೆ. ಅಂಥದೊಂದು ಭಾನುವಾರ ಬೆಳಗ್ಗೆ ಮಾಗಡಿಯ ಬಸ್ ಹತ್ತಿದೆವು. ತಾವರೆಕೆರೆ ದಾಟಿದ ಮೇಲೆ ರಾಗಿ ಹೊಲಗಳು, ಅವುಗಳಾಚೆ ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡ.

ನಾವು ಇಳಿದ ಊರಿನ ಹೆಸರು ಬರೆಯುವುದಿಲ್ಲ. ಹೆಸರು ಬಾಯಿಗೆ ಬಿದ್ದ ಮೇಲೆ ಸುತ್ತಲಿನ ಎಷ್ಟೋ ಜಾಗಗಳು ಬಾಟಲಿ ಚೂರುಗಳ ತಿಪ್ಪೆಯಾದದ್ದನ್ನು ಕಂಡು ಹೊಟ್ಟೆ ಉರಿದಿದೆ.

ಊರಾಚೆ ಹುಣಸೆ ತೋಪಿನಲ್ಲಿ ಒಬ್ಬ ಹೆಂಗಸು ಮೇಕೆ ಮೇಯಿಸುತ್ತಿದ್ದರು. ಅರವತ್ತರ ಆಸುಪಾಸು. ತಲೆಗೆ ಟವೆಲ್, ಹೆಗಲ ಮೇಲೆ ಸೊಪ್ಪು ಕಡಿಯುವ ದೋಟಿ.

"ಅಕ್ಕ, ಈ ಗುಡ್ಡದ ಮೇಲೆ ದೊಣೆ ಇದೆಯಂತಲ್ಲ?"

"ಯಾವ ದೊಣೆ ಕೇಳುತ್ತೀರಿ? ಮೂರಿವೆ. ಏನಕ್ಕೆ ಬೇಕು?"

ಈಜುವುದಕ್ಕೆ ಎಂದಾಗ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. "ಬರುತ್ತದಾ?" ಎಂದರು. ಬರುತ್ತದೆ ಎಂದೆವು. ಆಗ ಬಂಡೆಯ ಮೇಲೆ ಕುಳಿತು ದೋಟಿಯ ತುದಿಯಿಂದ ಮಣ್ಣಿನಲ್ಲಿ ಗುಡ್ಡ ಬರೆದರು. ನೆತ್ತಿಯ ದೊಣೆ ದೇವರದು, ಜಾತ್ರೆಗೆ ನೀರು ತರುವುದು ಅಲ್ಲಿಂದ, ಅದಕ್ಕೆ ಕಾಲು ತಾಗಿಸಬಾರದು. ಪಡುವಣದ್ದು ದನಕರುಗಳದ್ದು, ಅದನ್ನು ಕದಡಬಾರದು. ಬಡಗಣ ಮಗ್ಗುಲಿನ ಸಂದಿನಲ್ಲಿರುವುದು ಹುಡುಗರು ಬೀಳುವ ದೊಣೆ. "ನಾನೂ ಸಣ್ಣವಳಿದ್ದಾಗ ಬಿದ್ದಿದ್ದೇನೆ. ಸೋರೆಬುರುಡೆ ಬೆನ್ನಿಗೆ ಕಟ್ಟಿ ನಮ್ಮಪ್ಪ ನೂಕುತ್ತಿದ್ದ. ಈಗಿನ ಹುಡುಗರು ಯಾರೂ ಹತ್ತುವುದಿಲ್ಲ."

ನಮ್ಮ ನಕ್ಷೆಯಲ್ಲಿ ಮೂರೂ ಒಂದೇ ಬಗೆಯ ಕಪ್ಪು ಚುಕ್ಕೆಗಳಾಗಿದ್ದವು. ಯಾವ ನೀರು ಯಾರದು ಎಂಬುದು ಮೇಲಿನಿಂದ ತೆಗೆದ ಚಿತ್ರಕ್ಕೆ ಹೇಗೆ ತಿಳಿಯಬೇಕು? ಕೇಳದೆ ಹತ್ತಿದ್ದರೆ ನಾವು ಮೊದಲು ತಲುಪುತ್ತಿದ್ದದ್ದು ನೆತ್ತಿಯ ದೊಣೆಯನ್ನೇ.

"ಕಪ್ಪು ಗೆರೆ ಹಿಡಿದು ಹೋಗಿ, ಅದರ ಮೇಲೆ ಮಾತ್ರ ಕಾಲಿಡಬೇಡಿ" ಎಂದು ದಾರಿ ಹೇಳಿದರು. ಬಂಡೆಯ ಮೇಲೆ ಮಳೆನೀರು ಹರಿಯುವ ಕಡೆಯೆಲ್ಲ ಸೂಕ್ಷ್ಮ ಪಾಚಿ ಬೆಳೆದು ಕಪ್ಪು ಪಟ್ಟೆ ಮೂಡಿರುತ್ತದೆ. ತೇವವಿದ್ದರೆ ಜಾರುಬಂಡಿ. ಪಟ್ಟೆಗಳು ಹೋಗಿ ಸೇರುವುದು ನೀರು ನಿಲ್ಲುವ ಕಡೆಗೆ. ಲಂಟಾನದ ಪೊದೆಗಳನ್ನು ಬಳಸಿ ಅರ್ಧ ಗುಡ್ಡ ಹತ್ತಿದ ಮೇಲೆ ಅಂಥ ನಾಲ್ಕೈದು ಪಟ್ಟೆಗಳು ಒಂದೇ ಬಿರುಕಿನತ್ತ ತಿರುಗಿದ್ದು ಕಾಣಿಸಿತು. ಬಿರುಕಿನ ಬಾಯಲ್ಲಿ ಬಸರಿ ಮರ, ಬೇರುಗಳನ್ನು ಬಂಡೆಯ ಮೇಲೆ ಇಳಿಬಿಟ್ಟುಕೊಂಡು. ತಂಗಿ ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಲು ನೋಡಿದಳು, ಸಿಗ್ನಲ್ ಇರಲಿಲ್ಲ.

ದೊಣೆ ಸುಮಾರು ಅರವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಈ ಬೆಟ್ಟಗಳದ್ದು ಕ್ಲೋಸ್‌ಪೇಟ್ ಗ್ರಾನೈಟ್; ರಾಮನಗರದ ಹಳೆಯ ಹೆಸರೇ ಆ ಕಲ್ಲಿಗೆ ಉಳಿದುಕೊಂಡಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬೂದು ಕಲ್ಲಿನ ನಡುವೆ ಬೆರಳ ಗೆಣ್ಣಿನಷ್ಟು ದೊಡ್ಡ ನಸುಗೆಂಪು ಹರಳುಗಳು, ಕೊಬ್ಬರಿ ಮಿಠಾಯಿ ಚೂರು ಮಾಡಿ ಹುದುಗಿಸಿದಂತೆ. ಅವು ಫೆಲ್ಡ್‌ಸ್ಪಾರ್. ಬಿರುಕಿನಲ್ಲಿ ನಿಂತ ನೀರು ಈ ಹರಳುಗಳನ್ನು ಮೆಲ್ಲಗೆ ಜೇಡಿಯಾಗಿಸುತ್ತದೆ, ಮುಂದಿನ ಮಳೆ ಜೇಡಿಯನ್ನು ತೊಳೆದೊಯ್ಯುತ್ತದೆ, ಗುಳಿ ಇನ್ನಷ್ಟು ನೀರು ಹಿಡಿಯುತ್ತದೆ. ಹೀಗೇ ದೊಣೆ ಬೆಳೆಯುತ್ತದೆ.

ಇಳಿಯುವ ಮೊದಲು ಆಳ ನೋಡಿದೆವು. ಮಾರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ನಡುನೀರಿಗೆ ಬಿಟ್ಟರೆ ಎರಡನೆಯ ಗಂಟು ಮುಳುಗುತ್ತಲೇ ಹಗ್ಗ ಸಡಿಲವಾಯಿತು. ಎರಡಾಳು. ಬಡಗಣ ತುದಿಯಲ್ಲಿ ಕಲ್ಲು ಮೆಟ್ಟಿಲಿನಂತೆ ಇಳಿದಿತ್ತು, ಹತ್ತಿ ಬರಲು ಅದೊಂದೇ ಜಾಗ. ಬಸರಿಯ ಬುಡಕ್ಕೆ ಇನ್ನೊಂದು ಹಗ್ಗ ಬಿಗಿದು ಅದರ ತುದಿಯನ್ನು ಅಲ್ಲಿ ಇಳಿಬಿಟ್ಟೆವು. ಒಬ್ಬರು ನೀರಿನಲ್ಲಿದ್ದರೆ ಇನ್ನೊಬ್ಬರು ದಡದಲ್ಲಿ. ಧುಮುಕುವ ಮಾತೇ ಇಲ್ಲ. ಮೈಗೆ ಕ್ರೀಮು, ಎಣ್ಣೆ ಏನೂ ಹಚ್ಚಿರಲಿಲ್ಲ. ಇಲ್ಲಿಂದ ನೀರು ಹರಿದು ಹೋಗುವುದಿಲ್ಲ. ನಾವು ಬಿಟ್ಟ ಕೊಳೆ ಮುಂದಿನ ಮಳೆಗಾಲದವರೆಗೆ ಅಲ್ಲೇ ಇದ್ದು ಕಪ್ಪೆಗಳ ಪಾಲಿಗೆ ವಿಷವಾಗುತ್ತದೆ.

ಕಾಲಿಟ್ಟ ಕೂಡಲೇ ಕಪ್ಪೆಗಳು ಮುಳುಗದೆ, ನೀರಿನ ಮೇಲೇ ಪುಟಿಯುತ್ತಾ ಆಚೆ ದಡ ಸೇರಿದವು. ಮೇಲಿನ ಒಂದಡಿ ನೀರಿಗೆ ಬಿಸಿಲು ತಾಗಿ ಬೆಚ್ಚಗಿತ್ತು. ಅದರ ಕೆಳಗೆ ಮೂಳೆಗೆ ತಾಕುವ ಚಳಿ. ಕೈ ಬೀಸಿದಾಗಲೆಲ್ಲ ಕೆಳಗಿನ ತಣ್ಣೀರು ಎದ್ದು ಎದೆಗೆ ಬಂದು ಸವರುತ್ತಿತ್ತು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ನನ್ನ ಕೈಗಳು ತಾಮ್ರದವಾಗಿ ಕಂಡವು. ಕೊಳದಲ್ಲಿ ಈಜುವಾಗ ಮನಸ್ಸು ಸುತ್ತುಗಳನ್ನು ಎಣಿಸುತ್ತಿರುತ್ತದೆ. ಇಲ್ಲಿ ಎಣಿಕೆ ಯಾವಾಗಲೋ ಬಿಟ್ಟುಹೋಯಿತು. ಅಂಗಾತ ತೇಲಿದರೆ ಎರಡು ಬಂಡೆಗಳ ನಡುವೆ ಆಕಾಶದ ಒಂದು ಸೀಳು, ಬಸರಿಯಲ್ಲಿ ಪಿಕಳಾರಗಳ ಜಗಳ. ಮೆಟ್ಟಿಲ ಮೇಲೆ ನಿಂತಾಗ ನೀರು ಕರಗಿಸದೆ ಬಿಟ್ಟ ಹರಳುಗಳು ಅಂಗಾಲಿಗೆ ಒತ್ತುತ್ತಿದ್ದವು. ಇಷ್ಟು ಸಂತೋಷ ನನಗೆ ಯಾವ ನೀರಿನಲ್ಲೂ ಆಗಿರಲಿಲ್ಲ.

ಇಳಿಯುವಾಗ ಆ ಹೆಂಗಸು ಇನ್ನೂ ತೋಪಿನಲ್ಲೇ ಇದ್ದರು. ನಾವು ಬರಲೆಂದೇ ಕಾದಿದ್ದರೋ ಏನೋ, ಒದ್ದೆ ಕೂದಲು ಕಂಡು ಅವರ ಮುಖ ಅರಳಿತು.

"ನೀರು ಎಷ್ಟಿದೆ?"

"ಎರಡಾಳು ಇದೆ ಅಕ್ಕ, ಹಗ್ಗ ಬಿಟ್ಟು ನೋಡಿದೆವು."

ಅವರು ಕ್ಷಣ ಲೆಕ್ಕ ಹಾಕಿದರು. "ಹುಡುಗರ ದೊಣೆಯಲ್ಲಿ ಎರಡಾಳು ಇದ್ದರೆ ದನದ ದೊಣೆಯಲ್ಲಿ ಯುಗಾದಿವರೆಗೆ ನೀರಿರುತ್ತದೆ. ಈ ಸಲ ಮೇಕೆ ಮಾರುವುದು ಬೇಡ" ಎಂದು ದೋಟಿ ಹೆಗಲಿಗೇರಿಸಿ, ಮೇಕೆಗಳನ್ನು ಕೂಗುತ್ತಾ ಊರ ಕಡೆ ಹೊರಟರು.